ತಾಲ್ಲೂಕು ಕಚೇರಿಯಲ್ಲಿ ನಾಗರಿಕ ಸೇವೆಯನ್ನು ಸರಿಪಡಿಸುವ ಬಗೆ: ಹೊಸ ತಹಶೀಲ್ದಾರರಿಗೊಂದು ಕೈಪಿಡಿ

ಸಕಾಲ ಕಾಯ್ದೆ 2012ರ ಏಪ್ರಿಲ್‌ನಿಂದ ಕರ್ನಾಟಕದಾದ್ಯಂತ ಜಾರಿಯಲ್ಲಿದೆ. ಅರ್ಜಿ ಕೊಟ್ಟವರಿಗೆ ಸ್ವೀಕೃತಿ ಸಂಖ್ಯೆ ಕೊಡಬೇಕು, ನಿಗದಿತ ದಿನದೊಳಗೆ ಸೇವೆ ಒದಗಿಸಬೇಕು, ತಡವಾದರೆ ದಿನಕ್ಕೆ 20 ರೂಪಾಯಿಯಂತೆ ಗರಿಷ್ಠ 500 ರೂಪಾಯಿ ಪರಿಹಾರ ಕೊಟ್ಟು ಅದನ್ನು ಹೊಣೆಗಾರ ನೌಕರರ ವೇತನದಿಂದ ವಸೂಲು ಮಾಡಬೇಕು ಎಂಬುದು ಅದರ ತಿರುಳು. ಹೀಗಿದ್ದೂ, ವರದಿಯಲ್ಲಿ ಬಾಕಿಯೇ ಇಲ್ಲದ ತಾಲ್ಲೂಕಿನಲ್ಲಿ ಮಧ್ಯವರ್ತಿಗಳ ವಹಿವಾಟು ಜೋರಾಗಿರುವುದುಂಟು. ಕಾಯ್ದೆಯ ದಿನಗಣನೆ ಅರ್ಜಿ ನೋಂದಣಿಯಾದ ಮೇಲೆ ಆರಂಭವಾಗಿ ವಿಲೇವಾರಿಯೊಡನೆ ಮುಗಿಯುತ್ತದೆ. ಮಂಜೂರಾದರೂ ವಿಲೇವಾರಿ, ತಿರಸ್ಕೃತವಾದರೂ ವಿಲೇವಾರಿ. ಆದ್ದರಿಂದ ಹೊಸದಾಗಿ ಅಧಿಕಾರ ವಹಿಸಿಕೊಂಡ ತಹಶೀಲ್ದಾರರು ಬಾಕಿ ಪಟ್ಟಿಗಿಂತ ಮೊದಲು ತಿರಸ್ಕೃತ ಅರ್ಜಿಗಳ ಪಟ್ಟಿಯನ್ನು ತರಿಸಿಕೊಳ್ಳಬೇಕು.

ಆ ಪಟ್ಟಿಯನ್ನು ಹೋಬಳಿವಾರು, ಸೇವೆವಾರು ವಿಂಗಡಿಸಿ ಓದಿದರೆ ಕಚೇರಿಯ ನಿಜವಾದ ನಡವಳಿಕೆ ಕಾಣತೊಡಗುತ್ತದೆ. ಅವಧಿ ಮುಗಿಯುವ ಹಿಂದಿನ ದಿನವೇ ತಿರಸ್ಕೃತವಾದ ಅರ್ಜಿಗಳು ಎಷ್ಟಿವೆ, ಒಂದೇ ಬಗೆಯ ಅರ್ಜಿ ಒಂದು ಹೋಬಳಿಯಲ್ಲಿ ಮಂಜೂರಾಗಿ ಪಕ್ಕದ ಹೋಬಳಿಯಲ್ಲಿ ಏಕೆ ಬಿದ್ದುಹೋಗುತ್ತಿದೆ ಎಂಬುದನ್ನು ನೋಡಬೇಕು. ಮುಖ್ಯವಾಗಿ, ಮೊದಲು ತಿರಸ್ಕೃತಗೊಂಡು, ಅದೇ ದಾಖಲೆಗಳೊಂದಿಗೆ ಮತ್ತೆ ಸಲ್ಲಿಸಿದಾಗ ಸಲೀಸಾಗಿ ಮಂಜೂರಾದ ಕಡತಗಳನ್ನು ಹೊರತೆಗೆದು, ಎರಡು ಅರ್ಜಿಗಳ ನಡುವೆ ಬದಲಾದದ್ದೇನು ಎಂದು ಆ ಕಡತಗಳನ್ನು ನೋಡಿಕೊಳ್ಳುವ ವಿಷಯ ನಿರ್ವಾಹಕರನ್ನು ಎದುರಿಗೆ ಕೂರಿಸಿಕೊಂಡು ಕೇಳಬೇಕು. ಉತ್ತರ ಬಾರದಿದ್ದರೆ ಅದೂ ಒಂದು ಉತ್ತರವೇ.

ಎರಡನೆಯ ಕೆಲಸ ಹಿಂಬರಹದ್ದು, ಅಂದರೆ ಅರ್ಜಿಯ ಮೇಲಿನ ತೀರ್ಮಾನವನ್ನು ಅರ್ಜಿದಾರರಿಗೆ ತಿಳಿಸುವ ಲಿಖಿತ ಉತ್ತರದ್ದು. ‘ದಾಖಲೆಗಳು ಸಮರ್ಪಕವಾಗಿಲ್ಲದ ಕಾರಣ ಅರ್ಜಿಯನ್ನು ತಿರಸ್ಕರಿಸಲಾಗಿದೆ’ ಎಂಬ ಒಂದೇ ಸಾಲು ಎಲ್ಲ ಕಡತಕ್ಕೂ ಹೊಂದುತ್ತದೆ. ಹಾಗಾಗಿಯೇ ಅದು ಯಾರಿಗೂ ಉಪಯೋಗಕ್ಕೆ ಬಾರದು. ಪೌತಿ ಖಾತೆಯ, ಅಂದರೆ ಮೃತರ ಹೆಸರಿನಲ್ಲಿರುವ ಜಮೀನನ್ನು ವಾರಸುದಾರರ ಹೆಸರಿಗೆ ಮಾಡಿಕೊಡುವ, ಅರ್ಜಿಯೊಂದನ್ನು ತೆಗೆದುಕೊಳ್ಳೋಣ. ‘ಪಹಣಿಯಲ್ಲಿ ಮೃತರ ಹೆಸರು ಸಣ್ಣಯ್ಯ ಎಂದೂ ಮರಣ ಪ್ರಮಾಣ ಪತ್ರದಲ್ಲಿ ಸಣ್ಣಪ್ಪ ಎಂದೂ ಇದೆ, ಇಬ್ಬರೂ ಒಬ್ಬರೇ ಎಂಬುದಕ್ಕೆ ಆಧಾರ ಒದಗಿಸಿದಲ್ಲಿ ಅರ್ಜಿಯನ್ನು ಪರಿಗಣಿಸಲಾಗುವುದು’ ಎಂದು ಬರೆದುಕೊಟ್ಟರೆ ಅರ್ಜಿದಾರರು ಮುಂದೇನು ಮಾಡಬೇಕೆಂದು ತಿಳಿದು ಮನೆಗೆ ಹೋಗುತ್ತಾರೆ, ಮಧ್ಯವರ್ತಿಗೆ ಹೇಳಲು ಹೆಚ್ಚೇನೂ ಉಳಿಯುವುದಿಲ್ಲ. ಕಾರಣವನ್ನು ಇಷ್ಟು ಸ್ಪಷ್ಟವಾಗಿ ಬರೆಯಲಾಗದ ತಿರಸ್ಕಾರಕ್ಕೆ ಸಹಿ ಹಾಕುವುದಿಲ್ಲ ಎಂದು ಕಚೇರಿಗೆ ಮೊದಲ ವಾರದಲ್ಲೇ ತಿಳಿಸಿಬಿಡಬೇಕು.

ಆದರೆ ಸ್ವೀಕೃತಿ ಸಂಖ್ಯೆ ಸಿಗುವ ಮೊದಲೇ ವಾಪಸಾಗುವವರು ಯಾವ ಪಟ್ಟಿಯಲ್ಲೂ ಇರುವುದಿಲ್ಲ. ‘ಸರ್ವರ್ ಇಲ್ಲ, ನಾಳೆ ಬನ್ನಿ’ ಎಂಬ ಮಾತಿಗೆ ದಾಖಲೆಯೆಲ್ಲಿದೆ? ಸಂತೆಯ ದಿನ ಮುನ್ಸೂಚನೆ ಕೊಡದೆ ನಾಡಕಚೇರಿಗೆ ಹೋಗಿ, ಕೌಂಟರಿನ ಹೊರಗಿನ ಬೆಂಚಿನಲ್ಲಿ ಒಂದು ಗಂಟೆ ಕುಳಿತರೆ ತಿಳಿಯುವಷ್ಟು ವಿಷಯ ವಿಡಿಯೊ ಸಂವಾದಗಳಲ್ಲಿ ತಿಳಿಯುವುದಿಲ್ಲ. ಸಂಪರ್ಕ ಕಡಿದುಹೋದಾಗ ಅರ್ಜಿಗಳನ್ನು ಪುಸ್ತಕದಲ್ಲಿ ಬರೆದುಕೊಂಡು, ಸಂಪರ್ಕ ಬಂದೊಡನೆ ಅದೇ ಸರದಿಯಲ್ಲಿ ನೋಂದಾಯಿಸುವಂತೆ ಆದೇಶಿಸಬೇಕು. ಎದುರಿನ ಅಂಗಡಿಯಲ್ಲಿ ಅರ್ಜಿ ಬರೆದುಕೊಡುವವರನ್ನು ಓಡಿಸಲು ಶಕ್ತಿ ವ್ಯಯಿಸುವುದಕ್ಕಿಂತ, ಅವರಿಲ್ಲದೆ ಜನರಿಗೆ ನಮೂನೆ ತುಂಬಲಾಗದು ಏಕೆ ಎಂದು ಯೋಚಿಸುವುದು ಲೇಸು.

ಬೇಕಾದ ದಾಖಲೆಗಳ ಫಲಕವನ್ನೂ ಆದೇಶದೊಂದಿಗೆ ಹೋಲಿಸಿ ನೋಡಬೇಕು. ನಿಯಮದಲ್ಲಿಲ್ಲದ ಒಂದೆರಡು ದಾಖಲೆಗಳು ರೂಢಿಯಿಂದ ಸೇರಿಕೊಂಡಿರುವುದು ಸಾಮಾನ್ಯ. ಇದಕ್ಕೆಲ್ಲ ಲಂಚದಾಸೆಯೇ ಕಾರಣ ಎಂದು ಭಾವಿಸುವುದು ಸರಿಯಲ್ಲ; ನನ್ನ ದೃಷ್ಟಿಯಲ್ಲಿ ಭಯದ ಪಾಲು ದೊಡ್ಡದು. ನಾಳೆ ದೂರು ಬಂದರೆ ಉತ್ತರ ಕೊಡಬೇಕಾದವರು ವರದಿ ಬರೆದ ಗ್ರಾಮ ಆಡಳಿತ ಅಧಿಕಾರಿಯೇ ಆದ್ದರಿಂದ, ಅವರು ತಮ್ಮ ರಕ್ಷಣೆಗೆಂದು ಇನ್ನೊಂದು ಪ್ರಮಾಣ ಪತ್ರ ಕೇಳುತ್ತಾರೆ. ಯಾವ ಸಂದರ್ಭದಲ್ಲಿ ಯಾವ ಆಧಾರ ಸಾಕು ಎಂಬುದನ್ನು ತಹಶೀಲ್ದಾರರು ತಮ್ಮ ಸಹಿಯ ಸುತ್ತೋಲೆಯಲ್ಲಿ ಹೇಳಿ, ಅದರಂತೆ ನಡೆದುಕೊಂಡವರ ಮೇಲೆ ತಕರಾರು ಬಂದಾಗ ಅವರ ಬೆನ್ನಿಗೆ ನಿಂತರೆ ಈ ಭಯ ಕರಗುತ್ತದೆ. ಮೌಖಿಕ ಸೂಚನೆ ಕೊಟ್ಟು ಆಮೇಲೆ ನುಣುಚಿಕೊಳ್ಳುವ ಅಧಿಕಾರಿಗೆ ಸಿಬ್ಬಂದಿ ಎಂದೂ ಮನಸಾರೆ ಕೆಲಸ ಮಾಡುವುದಿಲ್ಲ.

ಸರದಿಯ ವಿಷಯದಲ್ಲಿ, ಪಹಣಿ ದಾಖಲೆಗಳನ್ನು ಗಣಕೀಕರಿಸಿದ ಭೂಮಿ ಯೋಜನೆಯ ಪಾಠವಿದೆ. ಮೊದಲು ಬಂದ ಮ್ಯುಟೇಷನ್ (ಖಾತೆ ಬದಲಾವಣೆ) ಅರ್ಜಿಯೇ ಮೊದಲು ವಿಲೇವಾರಿಯಾಗಬೇಕೆಂದು ತಂತ್ರಾಂಶವೇ ಕಟ್ಟುಮಾಡಿದ್ದರಿಂದ, ಬೇಕಾದವರ ಕಡತವನ್ನು ಮೇಲಕ್ಕೆತ್ತುವ ಅವಕಾಶ ಕುಗ್ಗಿತು. ತಂತ್ರಾಂಶದ ಹೊರಗಿರುವ ಸ್ಥಳ ಪರಿಶೀಲನೆ ಮೊದಲಾದ ಕೆಲಸಗಳಿಗೂ ಈ ನಿಯಮವನ್ನು ದಿನಚರಿಯ ಮೂಲಕ ಅನ್ವಯಿಸಬಹುದು. ಕಾಲೇಜು ಪ್ರವೇಶದ ತಿಂಗಳುಗಳಲ್ಲಿ ಜಾತಿ ಮತ್ತು ಆದಾಯ ಪ್ರಮಾಣ ಪತ್ರಗಳ ಅರ್ಜಿಗಳು ಮುಗಿಬೀಳುವುದು ಪ್ರತಿವರ್ಷದ ಸಂಗತಿ. ಅದಕ್ಕೆ ಮಾರ್ಚ್‌ನಲ್ಲೇ ಶಾಲಾ ಕಾಲೇಜುಗಳಲ್ಲಿ ಅರ್ಜಿ ಪಡೆಯುವ ಏರ್ಪಾಡು ಮಾಡಿದರೆ ಜೂನ್‌ನ ನೂಕುನುಗ್ಗಲು ತಗ್ಗುತ್ತದೆ. ಹಳೆಯ ದಾಖಲೆಗಳ ಕೊಠಡಿಯನ್ನೂ ಒಪ್ಪವಾಗಿಡಬೇಕು, ಏಕೆಂದರೆ ಅನೇಕ ಕಡತಗಳು ನಿಲ್ಲುವುದು ಅಲ್ಲೇ.

ತಿಂಗಳಿಗೊಮ್ಮೆ ಮೇಲ್ಮನವಿಯ ಆದೇಶಗಳನ್ನು ಸಿಬ್ಬಂದಿಯೊಡನೆ ಕುಳಿತು ಓದಬೇಕು. ಮೇಲ್ಮನವಿಗಳೇ ಬಂದಿಲ್ಲವೆಂದರೆ ಜನ ತೃಪ್ತರಾಗಿದ್ದಾರೆಂದು ತಿಳಿಯುವ ಮುನ್ನ, ಯಾರಿಗೆ, ಎಷ್ಟು ದಿನದೊಳಗೆ ಮೇಲ್ಮನವಿ ಸಲ್ಲಿಸಬಹುದೆಂಬ ವಿವರ ಹಿಂಬರಹದ ಕೆಳಗೆ ಓದಲು ಬರುವ ಅಕ್ಷರದಲ್ಲಿ ಅಚ್ಚಾಗಿದೆಯೇ ಎಂದು ಒಂದು ಪ್ರತಿಯನ್ನು ತರಿಸಿ ನೋಡಬೇಕು.