ಬೆಳಗಿನ ಬೆಳಕು ಕಣ್ಣಿಗೆ ಬೀಳಲಿ

ಮೈಸೂರಿನಲ್ಲಿ ಬಿಸಿಲಿಗೆ ಬರವಿಲ್ಲ. ಡಿಸೆಂಬರ್‌ನ ಅತಿ ಚಿಕ್ಕ ಹಗಲೂ ಇಲ್ಲಿ 11 ಗಂಟೆಗಿಂತ ಜಾಸ್ತಿ. ಉತ್ತರ ಯುರೋಪಿನಂಥ ಕಡೆ ಚಳಿಗಾಲದ ಹಗಲು ತೀರಾ ಕುಗ್ಗುತ್ತದೆ, ಜೊತೆಗೆ ಕೆಲವರ ಮನಸ್ಸೂ ಕುಗ್ಗುತ್ತದೆ. ಮನೋವೈದ್ಯ ನಾರ್ಮನ್ ರೋಸೆಂಥಾಲ್ ಮತ್ತು ಸಂಗಡಿಗರು 1984ರಲ್ಲಿ ಇದನ್ನು ಕಾಯಿಲೆ ಎಂದೇ ವಿವರಿಸಿದರು. ನಮ್ಮ ತೊಂದರೆ ಬೇರೆ. ಬಿಸಿಲು ಇದೆ, ನಾವೇ ಅದರ ಕೈಗೆ ಸಿಗುವುದಿಲ್ಲ. ಹೆಬ್ಬಾಳದ ಕಡೆ ಕೆಲಸಕ್ಕೆ ಹೋಗುವವರು ಮನೆಯ ಟ್ಯೂಬ್‌ಲೈಟಿನಿಂದ ಬಸ್ಸಿಗೆ, ಬಸ್ಸಿನಿಂದ ಆಫೀಸಿನ ಟ್ಯೂಬ್‌ಲೈಟಿಗೆ. ಪಿಜಿ ಕೋಣೆಗಳ ಕಿಟಕಿ ಎಷ್ಟೋ ಸಲ ಪಕ್ಕದ ಕಟ್ಟಡದ ಗೋಡೆಯನ್ನೇ ನೋಡುತ್ತಿರುತ್ತದೆ.

ಬೆಳಕು ಮನಸ್ಸಿನ ಮೇಲೆ ಕೆಲಸ ಮಾಡುವುದು ಚರ್ಮದ ಮೂಲಕ ಅಲ್ಲ, ಮುಖ್ಯವಾಗಿ ಕಣ್ಣಿನ ಮೂಲಕ. ಕಣ್ಣಿನ ಹಿಂಭಾಗದ ಪರದೆಯಾದ ರೆಟಿನಾದಲ್ಲಿ, ಬೆಳಕನ್ನು ಗುರುತಿಸುವ ಮೆಲನೊಪ್ಸಿನ್ ಎಂಬ ವಸ್ತು ಇರುವ ಕೆಲವು ಕೋಶಗಳಿವೆ. ಬೆಳಗಾಯಿತು ಅಂತ ಮಿದುಳಿನೊಳಗಿನ ಗಡಿಯಾರಕ್ಕೆ ಸುದ್ದಿ ಮುಟ್ಟಿಸುವುದು ಅವೇ. ನಿದ್ದೆಯ ಹೊತ್ತನ್ನು ತಿಳಿಸುವ ಮೆಲಟೋನಿನ್ ಆಗ ಇಳಿಯುತ್ತದೆ, ರಾತ್ರಿ ಸರಿಯಾದ ಹೊತ್ತಿಗೆ ಮತ್ತೆ ಏರುತ್ತದೆ. ಈ ಲೆಕ್ಕ ತಪ್ಪಿದರೆ ನಿದ್ದೆ ಕೆಡುತ್ತದೆ. ನಿದ್ದೆ ಕೆಟ್ಟವರ ಮೂಡ್ ಹೇಗಿರುತ್ತದೆ ಅಂತ ಮನೆಯವರಿಗೇ ಗೊತ್ತು, ಅಲ್ವಾ?

ಮೊದಲು: ಹೊರಗೆ ಬನ್ನಿ

ಎದ್ದ ಒಂದು ಗಂಟೆಯೊಳಗೆ 20–30 ನಿಮಿಷ ಬಯಲಿನಲ್ಲಿರಿ. ಕುಕ್ಕರಹಳ್ಳಿ ಕೆರೆ ಏರಿ, ಮಂಡ್ಯದ ವಿಶ್ವೇಶ್ವರಯ್ಯ ಕ್ರೀಡಾಂಗಣ, ಎಲ್ಲಾದರೂ ಸರಿ. ನಡೆಯಲು ಬೇಜಾರಾದರೆ ಕಾಫಿ ಲೋಟ ಹಿಡಿದು ತಾರಸಿಗೆ ಹೋಗಿ. ಆದರೆ ಬೆಳಕು ಹರಿದಿರಬೇಕು. ಜನವರಿಯಲ್ಲಿ ಇಲ್ಲಿ ಸೂರ್ಯ ಹುಟ್ಟುವುದೇ ಸುಮಾರು 6.45ಕ್ಕೆ. ಐದಕ್ಕೇ ಎದ್ದು ಕತ್ತಲಲ್ಲಿ ವಾಕಿಂಗ್ ಮುಗಿಸಿ ಬಂದರೆ ಕಾಲಿಗೆ ಲಾಭ, ಗಡಿಯಾರಕ್ಕಿಲ್ಲ.

ಸೂರ್ಯನನ್ನು ನೇರವಾಗಿ ನೋಡಲೇಬೇಡಿ. ಸುತ್ತಲಿನ ಬೆಳಕು ಸಾಕು.

ಮೋಡವಿದ್ದರೆ?

ಆಷಾಢದ ಜಿಟಿಜಿಟಿ ಮಳೆಯಲ್ಲಿ ಒಳಗೇ ಮುದುಡಿಕೊಳ್ಳುವವರಿಗೆ ಈ ಲೆಕ್ಕ ಹೇಳಬೇಕು. ಬೆಳಕನ್ನು ಅಳೆಯುವುದು ಲಕ್ಸ್‌ನಲ್ಲಿ. ಮನೆಯ ಕೋಣೆಯಲ್ಲಿ ಸಾಮಾನ್ಯವಾಗಿ 100–300 ಲಕ್ಸ್, ಒಳ್ಳೆಯ ಆಫೀಸಿನಲ್ಲಿ 500. ಮೋಡ ಕವಿದ ಹಗಲಲ್ಲೂ ಹೊರಗೆ ಕೆಲವು ಸಾವಿರ ಇರುತ್ತದೆ. ನೆತ್ತಿಯ ಬಿಸಿಲಿನಲ್ಲಿ ಒಂದು ಲಕ್ಷದವರೆಗೂ ಹೋಗುತ್ತದೆ. ಚಳಿಗಾಲದ ಖಿನ್ನತೆಗೆ ವೈದ್ಯರು ಕೊಡುವ ದೀಪ 10,000 ಲಕ್ಸ್‌ನದು, ಅದರ ಮುಂದೆ ಅರ್ಧ ಗಂಟೆ ಕೂರಬೇಕು. ನಮಗೆ ಆ ದೀಪ ಕೊಳ್ಳುವ ಖರ್ಚು ಯಾಕೆ? ಕೊಡೆ ಹಿಡಿದು ಬೀದಿಗಿಳಿಯಿರಿ, ಸ್ವಲ್ಪ ಹೊತ್ತು ಜಾಸ್ತಿ ಇರಿ.

ಹಗಲಿಡೀ ಒಳಗಿರುವವರು

ಮೇಜನ್ನು ಕಿಟಕಿಯ ಪಕ್ಕಕ್ಕೇ ಎಳೆಯಿರಿ. ನಾಲ್ಕು ಹೆಜ್ಜೆ ಒಳಗೆ ಹೋದರೆ ಬೆಳಕು ತುಂಬಾ ಇಳಿದುಬಿಡುತ್ತದೆ. ಟೀ ಕುಡಿಯಲು ಹೊರಗೆ ಹೋಗಿ.

ಗಾಜಿನ ಮೂಲಕ ಬೆಳಕು ಬರುತ್ತದೆ, ವಿಟಮಿನ್ ಡಿ ಬರುವುದಿಲ್ಲ. ಅದಕ್ಕೆ ಬೇಕಾದ ಯುವಿಬಿ ಎಂಬ ಅತಿನೇರಳೆ ಕಿರಣವನ್ನು ಗಾಜು ತಡೆಯುತ್ತದೆ. ಎಳೆ ಬಿಸಿಲಿನಲ್ಲಿ ವಿಟಮಿನ್ ಡಿ ಧಾರಾಳ ಅನ್ನುವ ವಾಟ್ಸಾಪ್ ಮಾತನ್ನೂ ನಂಬಬೇಡಿ. ನೆರಳು ನಿಮಗಿಂತ ಗಿಡ್ಡ ಇರುವಾಗಲೇ ಅದು ಚೆನ್ನಾಗಿ ಸಿಗುವುದು. ಮನಸ್ಸಿನ ಗಡಿಯಾರಕ್ಕೆ ಬೆಳಗು, ವಿಟಮಿನ್‌ಗೆ ಏರು ಬಿಸಿಲು: ಎರಡೂ ಬೇರೆ ವ್ಯವಹಾರ. ಹಾಗಂತ ಏಪ್ರಿಲ್ ಮಧ್ಯಾಹ್ನ ಸುಮ್ನೆ ನಿಂತು ಬೇಯಬೇಡಿ. ಕಬ್ಬಿನ ಗದ್ದೆಯಲ್ಲಿ ದುಡಿಯುವವರಿಗಂತೂ ಈ ಉಪದೇಶವೇ ಬೇಡ, ಅವರಿಗೆ ಬೇಕಾದ್ದು ನೆರಳು.

ರಾತ್ರಿ

ಮಲಗುವ ಒಂದು ಗಂಟೆ ಮೊದಲು ದೊಡ್ಡ ಲೈಟು ಆರಿಸಿ, ಫೋನ್ ದೂರ ಇಡಿ.

ಯಾರು ಹುಷಾರಾಗಿರಬೇಕು

ಬೈಪೋಲಾರ್ ತೊಂದರೆ ಇರುವವರು ಬೆಳಕಿನ ಚಿಕಿತ್ಸೆಯನ್ನು ವೈದ್ಯರನ್ನು ಕೇಳದೆ ಶುರು ಮಾಡಬಾರದು, ಮನಸ್ಸು ಅತಿರೇಕಕ್ಕೆ ಏರಬಹುದು. ಡಾಕ್ಸಿಸೈಕ್ಲಿನ್‌ನಂಥ ಆ್ಯಂಟಿಬಯಾಟಿಕ್ ಮಾತ್ರೆಗಳು ಚರ್ಮವನ್ನು ಬಿಸಿಲಿಗೆ ಸೂಕ್ಷ್ಮ ಮಾಡುತ್ತವೆ. ಖಿನ್ನತೆಗೆ ಮಾತ್ರೆ ತೆಗೆದುಕೊಳ್ಳುತ್ತಿದ್ದರೆ ಬಿಸಿಲನ್ನು ನೆಚ್ಚಿ ನಿಲ್ಲಿಸಬೇಡಿ. ಎರಡು ವಾರ ಕಳೆದರೂ ಮಂಕು ಬಿಡದಿದ್ದರೆ ವೈದ್ಯರನ್ನು ಕಾಣಿ, ಇಲ್ಲವೇ ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಕರೆ ಮಾಡಿ. ದಿನದ 24 ಗಂಟೆಯೂ ಉಚಿತ, ಕನ್ನಡದಲ್ಲೇ ಮಾತಾಡಬಹುದು.