ಮೊದಲ ವಂಕಿ ಜಾರಿತು, ಎರಡನೆಯದು ನಿಂತಿತು: ಕ್ಲಾಟ್ ಆದ ಮೇಲೆ ನನ್ನ ಅನುಭವ

ನಾಲ್ಕು ವರ್ಷವಾಗುತ್ತಾ ಬಂತು. ನನ್ನ ಎರಡನೇ ವಂಕಿ, ಅಂದರೆ ಬಸುರು ತಡೆಯಲು ಗರ್ಭಕೋಶದೊಳಗೆ ಹಾಕುವ ಕಾಪರ್ ಟಿ, ಅದರ ಜಾಗದಲ್ಲೇ ಇದೆ. ಕಾಲು ಊದಿಲ್ಲ, ಹಿಮೋಗ್ಲೋಬಿನ್ 12ರ ಮೇಲಿದೆ, ಮುಟ್ಟು ಒಂದು ತಿಂಗಳೂ ತಪ್ಪಿಲ್ಲ. "ನಿನ್ನ ದೇಹಕ್ಕೆ ಕಾಪರ್ ಟಿ ಒಗ್ಗಲ್ಲ, ಬಿಟ್ಬಿಡು" ಅಂತ ಅತ್ತೆ ಹೇಳಿದ್ದರು, ಅಕ್ಕ ಹೇಳಿದ್ದಳು, ಒಬ್ಬ ಡಾಕ್ಟರ್ ಕೂಡ ಹೇಳಿದ್ದರು. ಅದಕ್ಕೇ ಬರೆಯುತ್ತಿದ್ದೇನೆ. ರಕ್ತನಾಳದಲ್ಲಿ ರಕ್ತ ಹೆಪ್ಪುಗಟ್ಟಿ ಕ್ಲಾಟ್ ಆಗಿ, ಗರ್ಭನಿರೋಧಕ ಮಾತ್ರೆ ಬೇಡ ಅನ್ನಿಸಿಕೊಂಡು, ಮುಂದೇನು ಎಂದು ಕೂತಿರುವವರು ಓದಲಿ.

2016ರಲ್ಲಿ ಮುಟ್ಟು ಸರಿಯಾಗಿ ಬರುತ್ತಿಲ್ಲ ಎಂದು ಈಸ್ಟ್ರೋಜನ್ (ಕ್ಲಾಟ್ ಅಪಾಯ ಹೆಚ್ಚಿಸುವ ಹಾರ್ಮೋನ್) ಇರುವ ಮಾಮೂಲಿ ಗರ್ಭನಿರೋಧಕ ಮಾತ್ರೆ ಬರೆದುಕೊಟ್ಟರು. ಬನಶಂಕರಿಯಿಂದ ಎಲೆಕ್ಟ್ರಾನಿಕ್ ಸಿಟಿಗೆ ಆಫೀಸ್ ಬಸ್, ಸಿಲ್ಕ್ ಬೋರ್ಡ್ ಹತ್ತಿರ ನಿಂತರೆ ನಿಂತೇ ಹೋಯಿತು, ಆಫೀಸಿಗೆ ಹೋದರೆ ಮತ್ತೆ ಕುರ್ಚಿ. ನಾಲ್ಕನೇ ತಿಂಗಳಿಗೆ ಎಡಗಾಲಿನ ಮೀನಖಂಡ ಕಲ್ಲಿನ ಹಾಗಾಯಿತು. ಉಳುಕು ಎಂದುಕೊಂಡು ನಾಲ್ಕು ದಿನ ಎಣ್ಣೆ ಹಚ್ಚಿ ತಿಕ್ಕಿದೆ. ತಿಕ್ಕಲೇಬಾರದಿತ್ತು. ಡಾಪ್ಲರ್, ಅಂದರೆ ರಕ್ತನಾಳದ ಸ್ಕ್ಯಾನ್, ಮಾಡಿಸಿದಾಗ ತೊಡೆಯವರೆಗೂ ಕ್ಲಾಟ್. ಆರು ತಿಂಗಳು ರಕ್ತ ತೆಳು ಮಾಡುವ ಮಾತ್ರೆ, ರಕ್ತ ಹೆಪ್ಪುಗಟ್ಟಲು ಎಷ್ಟು ಹೊತ್ತು ಬೇಕು ಎಂದು ನೋಡುವ ಐಎನ್‌ಆರ್ ಟೆಸ್ಟ್, ಸೊಪ್ಪು ತಿಂದರೆ ದಿನಾ ಒಂದೇ ಅಳತೆ. ಇದನ್ನು ದಾಟಿ ಬಂದವರಿಗೆ ಹೆಚ್ಚು ಹೇಳಬೇಕಿಲ್ಲ.

2018ರಲ್ಲಿ ಬಸುರಿ. ದಿನಾ ಹೊಟ್ಟೆಗೆ ಕ್ಲಾಟ್ ತಡೆಯುವ ಹೆಪಾರಿನ್ ಇಂಜೆಕ್ಷನ್, ಹೆರಿಗೆಯಾಗಿ ಆರು ವಾರದವರೆಗೂ. ಒಂದಕ್ಕೆ ಸುಮಾರು 400 ರೂಪಾಯಿ. ಒಟ್ಟು ಲೆಕ್ಕ ಲಕ್ಷ ದಾಟಿತು, ಡೆಲಿವರಿ ಖರ್ಚು ಬೇರೆ. ಹೊಟ್ಟೆ ತುಂಬಾ ನೀಲಿ ಕಲೆ. ಹಾಗಾಗಿ ನನಗೆ "ಆಕಸ್ಮಿಕವಾಗಿ ನಿಂತುಬಿಟ್ಟರೆ ನೋಡೋಣ" ಎಂಬ ಮಾತೇ ಇರಲಿಲ್ಲ. ಬಸುರಿನಲ್ಲೂ ಬಾಣಂತನದಲ್ಲೂ ಕ್ಲಾಟ್ ಮತ್ತೆ ಬರುವ ಅಪಾಯ ಜಾಸ್ತಿ, ಅಲ್ವಾ.

ಹಾರ್ಮೋನ್ ಇರುವ ಐಯುಡಿ (ವಂಕಿಯ ಇನ್ನೊಂದು ಬಗೆ) ಬಗ್ಗೆ ಕೇಳುತ್ತೀರಿ, ಗೊತ್ತು. ಅದರಲ್ಲಿ ಈಸ್ಟ್ರೋಜನ್ ಇಲ್ಲ, ಕ್ಲಾಟ್ ಆದ ಎಷ್ಟೋ ಜನರಿಗೆ ಡಾಕ್ಟರ್‌ಗಳು ಅದನ್ನೇ ಕೊಡುತ್ತಾರೆ, ಮುಟ್ಟಿನ ರಕ್ತವೂ ಕಡಿಮೆಯಾಗುತ್ತದೆ. ಆದರೆ ಒಂದು ಸಲ ಸುಟ್ಟುಕೊಂಡ ಮೇಲೆ ಯಾವ ಹಾರ್ಮೋನೂ ಬೇಡ ಎನಿಸಿತ್ತು. ಅದು ನನ್ನ ಆಯ್ಕೆ, ನಿಮ್ಮದು ಬೇರೆ ಇರಬಹುದು.

2020ರಲ್ಲಿ ಮೊದಲ ವಂಕಿ. ಒಂದು ಚಿಕ್ಕ ಕ್ಲಿನಿಕ್ಕಿನಲ್ಲಿ, 3,500 ಇರಬೇಕು. ಹತ್ತು ನಿಮಿಷದ ಕೆಲಸ, ಆಮೇಲೆ ಸ್ಕ್ಯಾನ್ ಮಾಡಲಿಲ್ಲ, ಮತ್ತೆ ಬನ್ನಿ ಎಂದೂ ಹೇಳಲಿಲ್ಲ. ಮುಟ್ಟು ಎಂಟು ದಿನ ಹರಿಯಿತು. ಎಷ್ಟು ಹೋಗುತ್ತಿದೆ ಎಂದು ಅಳೆಯಬೇಕು ಅನಿಸಿ ಗೆರೆ ಇರುವ ಮುಟ್ಟಿನ ಕಪ್ ತರಿಸಿದೆ, 500 ರೂಪಾಯಿ. ಪುಸ್ತಕದಲ್ಲಿ ಎಂಎಲ್ ಲೆಕ್ಕ ಬರೆದಿಟ್ಟೆ. ಮೂರನೇ ತಿಂಗಳು ಕಪ್ ತೆಗೆದಾಗ ಅದರ ಜೊತೆಗೇ ವಂಕಿ ಬಂತು. ಬಚ್ಚಲುಮನೆಯಲ್ಲಿ ಅಂಗೈ ಮೇಲೆ ಆ ಪುಟ್ಟ ಟಿ ಇಟ್ಟುಕೊಂಡು ಅಳುತ್ತಾ ಕೂತಿದ್ದೆ.

"ನೋಡಿದ್ಯಾ, ಒಗ್ಗಲಿಲ್ಲ" ಎಂದರು ಎಲ್ಲರೂ. ಒಗ್ಗದಿರುವುದಲ್ಲ ಅದು. ಕಪ್ಪನ್ನು ಹಾಗೇ ಎಳೆದರೆ ಒಳಗೆ ಗಾಳಿಯ ಹಿಡಿತ ಇರುತ್ತದೆ, ವಂಕಿಯ ಬುಡದ ದಾರ ಉದ್ದ ಬಿಟ್ಟಿದ್ದರೆ ಅದೂ ಕೈಗೆ ಸಿಗುತ್ತದೆ. ಮೊದಲು ಕಪ್ಪಿನ ಬುಡ ಒತ್ತಿ ಗಾಳಿ ಬಿಡಿಸಬೇಕು ಎಂದು ನನಗೆ ಯಾರೂ ಹೇಳಿರಲಿಲ್ಲ. ಕಪ್ ಇಲ್ಲದೆಯೂ ಮೊದಲ ವರ್ಷದಲ್ಲಿ ಕೆಲವರಿಗೆ ಜಾರುತ್ತದೆ, ಒಪ್ಪುತ್ತೇನೆ. ನನ್ನದು ಮಾತ್ರ ಕಪ್ಪಿನಿಂದಲೇ ಎಂದು ನಾನು ಈಗಲೂ ನಂಬುತ್ತೇನೆ.

ಆಮೇಲೆ ಒಂದು ವರ್ಷ ಏನೇನೋ ನೋಡಿದೆ. ಬಸುರಾಗಬಹುದಾದ ದಿನಗಳನ್ನು ತಿಳಿಯಲು ಬೆಳಗ್ಗೆ ಎದ್ದ ತಕ್ಷಣ ಮೈ ಬಿಸಿ ನೋಡಿ ಬರೆಯುವುದು. ಅದಕ್ಕೆ ಎರಡು ದಶಾಂಶ ತೋರಿಸುವ ಥರ್ಮಾಮೀಟರ್ ಬೇಕು, ಜಯನಗರ 4ನೇ ಬ್ಲಾಕ್ ಪೂರ್ತಿ ಸುತ್ತಿದರೂ ಸಿಗಲಿಲ್ಲ, ಆನ್‌ಲೈನ್‌ನಲ್ಲಿ ತರಿಸಿದೆ. ಆದರೆ ರಾತ್ರಿ ಮೂರು ಸಲ ಎಬ್ಬಿಸುವ ಮಗು ಇದ್ದರೆ ಆ ಗ್ರಾಫ್‌ಗೆ ತಲೆಬುಡ ಇರುವುದಿಲ್ಲ. ಎರಡು ತಿಂಗಳಿಗೆ ಬಿಟ್ಟೆ.

ಛಾಯಾ ಎಂಬ ಗರ್ಭನಿರೋಧಕ ಮಾತ್ರೆಯನ್ನು ಆಶಾ ಕಾರ್ಯಕರ್ತೆ ಮನೆಗೇ ತಂದುಕೊಟ್ಟರು, ಹಾರ್ಮೋನ್ ಇಲ್ಲಮ್ಮ, ವಾರಕ್ಕೊಂದು ಅಂತ. ಮೊದಲ ಮೂರು ತಿಂಗಳು ವಾರಕ್ಕೆರಡು ಇರುತ್ತದೆ, ಅದು ಬೇರೆ. ನುಂಗುವ ಮೊದಲು ನನ್ನ ರಕ್ತದ ಡಾಕ್ಟರಿಗೆ ಫೋಟೋ ಕಳಿಸಿದೆ. ಬೇಡ ಎಂದರು. ಅದು ಸ್ಟೀರಾಯ್ಡ್ ಹಾರ್ಮೋನ್ ಅಲ್ಲ, ನಿಜ, ಆದರೆ ಈಸ್ಟ್ರೋಜನ್ ಕೂರುವ ಜಾಗದಲ್ಲೇ ಹೋಗಿ ಕೂರುತ್ತದೆ, ಅದೇ ಬಳಗದ, ಸ್ತನ ಕ್ಯಾನ್ಸರಿಗೆ ಕೊಡುವ ಟಮಾಕ್ಸಿಫೆನ್‌ನಿಂದ ಕ್ಲಾಟ್ ಅಪಾಯ ಹೆಚ್ಚುತ್ತದೆ. ಸ್ಟ್ರಿಪ್ ಹಾಗೇ ವಾಪಸ್ ಕೊಟ್ಟೆ. "ಹಾರ್ಮೋನ್ ಇಲ್ಲ" ಅಂದ ಕೂಡಲೇ ನಮಗೆ ಸರಿ ಅಂತಲ್ಲ, ಇದನ್ನು ದಯವಿಟ್ಟು ನೆನಪಿಡಿ.

ಇನ್ನೊಂದು, ಹಬ್ಬದ ಮಾತ್ರೆ. ವರಮಹಾಲಕ್ಷ್ಮಿಗೆ ಮುಟ್ಟು ಮುಂದೂಡಲು ಮನೆಯಲ್ಲಿ ಎಲ್ಲರೂ ನುಂಗುತ್ತಾರೆ, ಮೆಡಿಕಲ್ ಶಾಪಲ್ಲಿ ಸುಮ್ನೆ ಕೇಳಿದರೂ ಕೊಡುತ್ತಾರೆ. ಕ್ಲಾಟ್ ಆದವರು ಅದನ್ನು ಮುಟ್ಟಬಾರದು. ಆ ವರ್ಷ ಕಳಶಕ್ಕೆ ನಾನು ಕೂರಲಿಲ್ಲ, ಅತ್ತೆ ಎರಡು ದಿನ ಮಾತಾಡಲಿಲ್ಲ. ಆಮೇಲೆ ಅವರನ್ನು ಹೇಗೆ ಒಪ್ಪಿಸಿದೆ ಎಂಬುದು ನನ್ನ ಹತ್ತಿರವೇ ಇರಲಿ.

ಉಳಿದದ್ದು ಕಾಂಡೋಮ್. ನಮ್ಮವರು ಒಂದು ದಿನವೂ ತಕರಾರು ಮಾಡಲಿಲ್ಲ, ಆದರೂ ಎಲ್ಲರೂ ಬಳಸುವ ರೀತಿಯಲ್ಲಿ ಬಳಸಿದರೆ ವರ್ಷಕ್ಕೆ ನೂರರಲ್ಲಿ ಸುಮಾರು 13 ಜನ ಬಸುರಾಗುತ್ತಾರೆ. ನನಗೆ ಆ ಲೆಕ್ಕ ನಿದ್ದೆ ಕೊಡುತ್ತಿರಲಿಲ್ಲ. ಅದಕ್ಕೆ 2021ರಲ್ಲಿ ಎರಡನೇ ವಂಕಿಗೆ ತಯಾರಿ ಶುರು ಮಾಡಿದೆ. ಮೊದಲು ಕಬ್ಬಿಣಾಂಶ. ಹಿಮೋಗ್ಲೋಬಿನ್ 9.5ರ ಹತ್ತಿರ ಇತ್ತು. ಮಾತ್ರೆ ರಾತ್ರಿಗೆ, ನಿಂಬೆ ಶರಬತ್ತಿನ ಜೊತೆ. ಮೊದಲು ಬೆಳಗ್ಗೆ ಫಿಲ್ಟರ್ ಕಾಫಿ ಹಿಂದೆಯೇ ನುಂಗುತ್ತಿದ್ದೆ, ಅರ್ಧ ದುಡ್ಡು ದಂಡ. ಕಾಫಿ, ಟೀ ಎರಡೂ ಕಬ್ಬಿಣಾಂಶವನ್ನು ಮೈಗೆ ಸರಿಯಾಗಿ ಹತ್ತಲು ಬಿಡುವುದಿಲ್ಲ. ಒಗ್ಗರಣೆಗೆ ಅಜ್ಜಿಯ ಕಬ್ಬಿಣದ ಬಾಣಲೆ ಹೊರಬಂತು, ಅದರಿಂದ ಎಷ್ಟು ಏರಿತೋ, ಪಲ್ಯ ಮಾತ್ರ ರುಚಿಯಾಯಿತು.

ತಯಾರಿ ಎರಡು ತಿಂಗಳು ನಡೆದಿತ್ತು, ನವೆಂಬರಿನಲ್ಲಿ ಒಂದು ರಾತ್ರಿ ಕಾಂಡೋಮ್ ಹರಿಯಿತು. ಮುಟ್ಟು ಶುರುವಾದಾಗಿನಿಂದ ಹದಿಮೂರನೇ ದಿನ. ಎಮರ್ಜೆನ್ಸಿ ಮಾತ್ರೆ ನುಂಗಬಹುದು, ನಿಮಗೂ ಅಡ್ಡಿಯಿಲ್ಲ ಎಂದರು ಡಾಕ್ಟರ್, ಆದರೆ ಐದು ದಿನದೊಳಗೆ ಕಾಪರ್ ಟಿ ಹಾಕಿಸಿದರೆ ಅದಕ್ಕಿಂತ ಗಟ್ಟಿ, ಹೇಗೂ ಹಾಕಿಸಬೇಕಲ್ಲ, ಈಗಲೇ ಬನ್ನಿ. ಮೂರನೇ ದಿನ ಸರ್ಕಾರಿ ಆಸ್ಪತ್ರೆಗೆ ಹೋದೆ. ವಂಕಿಗೆ ಒಂದು ಪೈಸೆ ಕೊಡಲಿಲ್ಲ. ಕಾಪರ್ ಟಿ 380ಎ, ಹತ್ತು ವರ್ಷದ್ದು. ಆಟೋ ಮತ್ತು ಹೊರಗೆ ಮಾಡಿಸಿದ ಸ್ಕ್ಯಾನ್ ಸೇರಿ 1,500 ಆಗಿರಬಹುದು. ದಾರ ಗಿಡ್ಡ ಮಾಡಿ ಎಂದು ನಾನೇ ಕೇಳಿದೆ. ನೋವು ತಡೆಯಲು ಮಾಡಿಕೊಂಡ ಏರ್ಪಾಡು ಡಾಕ್ಟರ್ ನನ್ನ ಕೇಸ್ ನೋಡಿ ಹೇಳಿದ್ದು, ಅದನ್ನು ಇಲ್ಲಿ ಬರೆಯುವುದಿಲ್ಲ.

ಮೊದಲ ಮೂರು ತಿಂಗಳು ಏಳೆಂಟು ದಿನ ಮುಟ್ಟು, ಜಾಸ್ತಿಯೇ. ಎರಡನೇ ತಿಂಗಳು ತಡೆಯಲಾಗದೆ ಮೆಡಿಕಲ್ ಶಾಪಿಗೆ ಹೋದೆ, ರಕ್ತ ನಿಲ್ಲುವ ಮಾತ್ರೆ ಕೊಟ್ಟರು. ಮನೆಗೆ ಬಂದು ಸ್ಟ್ರಿಪ್ ಹಿಂದೆ ಓದಿದರೆ ಟ್ರಾನೆಕ್ಸಾಮಿಕ್ ಆಸಿಡ್. ಅದು ಕೆಲಸ ಮಾಡುವುದೇ ಕ್ಲಾಟ್ ಕರಗದಂತೆ ಹಿಡಿದು, ನಮ್ಮಂಥವರು ಡಾಕ್ಟರನ್ನು ಕೇಳದೆ ನುಂಗುವಂಥದ್ದೇ ಅಲ್ಲ. ಕೈ ನಡುಗಿತು. ಅವತ್ತಿನಿಂದ ನನ್ನ ಪರ್ಸಿನಲ್ಲಿ ಚೀಟಿ ಇದೆ: 2016 ಡಿವಿಟಿ (ಕಾಲಿನ ಕ್ಲಾಟ್), ಈಸ್ಟ್ರೋಜನ್ ಬೇಡ, ಟ್ರಾನೆಕ್ಸಾ ಬೇಡ. ಯಾವ ಅಂಗಡಿಗೆ ಹೋದರೂ ಮೊದಲು ಅದನ್ನೇ ತೋರಿಸುತ್ತೇನೆ. ನೋವಿಗೆ ಬಿಸಿನೀರಿನ ಚೀಲ, ಪ್ಯಾರಾಸಿಟಮಾಲ್, ಅಷ್ಟೇ. ನೀವಿನ್ನೂ ರಕ್ತ ತೆಳು ಮಾಡುವ ಮಾತ್ರೆಯಲ್ಲಿದ್ದರೆ ಮುಟ್ಟು ಇನ್ನೂ ಜಾಸ್ತಿ ಹೋಗಬಹುದು, ನೋವಿನ ಮಾತ್ರೆಯನ್ನೂ ಕೇಳಿಯೇ ತೆಗೆದುಕೊಳ್ಳಿ.

ಆರು ತಿಂಗಳು ಕಪ್ ಮುಟ್ಟಲಿಲ್ಲ, ಬಟ್ಟೆ ಪ್ಯಾಡ್ ಮಾತ್ರ. ಆರನೇ ವಾರ ಒಮ್ಮೆ, ಆರನೇ ತಿಂಗಳು ಒಮ್ಮೆ ಸ್ಕ್ಯಾನ್. ಪ್ರತಿ ಮುಟ್ಟಿನ ನಂತರ ಕೈ ತೊಳೆದು ದಾರ ನೋಡಿಕೊಳ್ಳುತ್ತೇನೆ, ಈಗ ಅರ್ಧ ನಿಮಿಷದ ಕೆಲಸ. ನಾಲ್ಕನೇ ತಿಂಗಳಿಂದ ಮುಟ್ಟು ಐದು ದಿನಕ್ಕೆ ಇಳಿಯಿತು. ಹಿಮೋಗ್ಲೋಬಿನ್ ವರ್ಷದೊಳಗೆ 12 ದಾಟಿತು. ಒಗ್ಗಲ್ಲ ಎಂದಿದ್ದ ಅದೇ ಡಾಕ್ಟರಿಗೆ ರಿಪೋರ್ಟ್ ಒಯ್ದು ತೋರಿಸಿದೆ. ಕನ್ನಡಕ ಏರಿಸಿ ಎರಡು ಸಲ ಓದಿದರು.

ವಂಕಿಯ ಕಾರ್ಡಿನಲ್ಲಿ ತೆಗೆಸುವ ದಿನ ನವೆಂಬರ್ 2031 ಎಂದು ಸಿಸ್ಟರ್ ನೀಲಿ ಪೆನ್ನಿನಲ್ಲಿ ಬರೆದುಕೊಟ್ಟಿದ್ದಾರೆ. ಡಾಪ್ಲರ್ ರಿಪೋರ್ಟ್ ಇರುವ ಫೈಲಿನಲ್ಲೇ ಅದನ್ನು ಇಟ್ಟಿದ್ದೇನೆ. ಮುಂದಿನ ಶನಿವಾರ ಅಕ್ಕ ತನಗೂ ಹಾಕಿಸಬೇಕು, ಜೊತೆಗೆ ಬಾ ಎಂದಿದ್ದಾಳೆ.