ನಾಯಿಯ ಕಾಲಿನ ಮೂಳೆಯನ್ನು ಮುಟ್ಟಿ ಅರಿಯುವುದು ಹೇಗೆ?

ದೈತ್ಯ ತಳಿಯಾದ ಗ್ರೇಟ್ ಡೇನ್ ನಾಯಿಯ ಮೂಳೆಯನ್ನು ಕುಗ್ಗಿಸಿದರೆ ಪುಟ್ಟ ಚಿಹುವಾಹುವಾದ ಮೂಳೆ ಆಗುವುದಿಲ್ಲ. ಅದೇ ಆಕಾರದಲ್ಲಿ ಎತ್ತರ ಎರಡು ಪಟ್ಟಾದರೆ ತೂಕ ಎಂಟು ಪಟ್ಟಾಗುತ್ತದೆ, ಆದರೆ ಆ ತೂಕವನ್ನು ಹೊರುವ ಮೂಳೆಯ ಅಡ್ಡಕೊಯ್ತದ ವಿಸ್ತೀರ್ಣ ಹೆಚ್ಚುವುದು ನಾಲ್ಕೇ ಪಟ್ಟು. ಮ್ಯಾಸ್ಟಿಫ್‌ನಂತಹ ಭಾರೀ ತಳಿಗಳ ಕಾಲು ಅಷ್ಟು ದಪ್ಪವಾಗಿರುವುದು ಈ ಹೊರೆಯ ಕಾರಣದಿಂದ. ಆದರೂ ಗಾತ್ರವೊಂದೇ ಎಲ್ಲವನ್ನೂ ಹೇಳುವುದಿಲ್ಲ. ಗ್ರೇಹೌಂಡ್ ಎತ್ತರದ ನಾಯಿಯೇ, ಆದರೆ ಓಟಕ್ಕೆಂದು ಬೆಳೆಸಿದ ಅದರ ಕಾಲು ನೀಳ.

ಮೊದಲು ನಾಯಿಯನ್ನು ಸಮತಟ್ಟಾದ, ಜಾರದ ನೆಲದ ಮೇಲೆ ನಿಲ್ಲಿಸಿ ಪಕ್ಕದಿಂದ ನೋಡಿ. ಸಾಮಾನ್ಯವಾಗಿ ಹೆಗಲಿಗೂ ನೆಲಕ್ಕೂ ಹೆಚ್ಚುಕಡಿಮೆ ನಡುವೆ ಮುಂಗಾಲಿನ ಮೊಣಕೈ ಗಂಟು ಇರುತ್ತದೆ. ಅದು ನೆಲಕ್ಕೆ ತೀರಾ ಹತ್ತಿರವಿದ್ದರೆ ನಿಮ್ಮದು ಡ್ಯಾಶ್‌ಹಂಡ್, ಕೊರ್ಗಿ, ಬ್ಯಾಸೆಟ್ ಹೌಂಡ್‌ಗಳ ಸಾಲಿನ ಗಿಡ್ಡಗಾಲಿನ ನಾಯಿ. ಎಫ್‌ಜಿಎಫ್4 ಎಂಬ ವಂಶವಾಹಿಯ ಹೆಚ್ಚುವರಿ ಪ್ರತಿಯೊಂದು ಈ ಗಿಡ್ಡತನಕ್ಕೆ ಕಾರಣವೆಂದು 2009ರಲ್ಲಿ ತಿಳಿದುಬಂತು. ಇವುಗಳ ಕಾಲು ಮೋಟು, ಮೂಳೆ ಮಾತ್ರ ದಪ್ಪ. ಬ್ಯಾಸೆಟ್ ಹೌಂಡ್ ಅನ್ನು ಎತ್ತಿ ನೋಡಿದವರಿಗೆ ಅದನ್ನು ಸಣ್ಣ ನಾಯಿ ಎನ್ನಲು ಬಾಯಿ ಬರುವುದಿಲ್ಲ.

ಈಗ ಮುಂದೆ ಕುಳಿತು, ಮೊಣಕೈಯಿಂದ ಮಣಿಕಟ್ಟಿನವರೆಗೆ ಬೆರಳಾಡಿಸಿ. ಅಲ್ಲಿ ರೇಡಿಯಸ್ ಮತ್ತು ಅಲ್ನಾ ಎಂಬ ಜೋಡಿ ಮೂಳೆಗಳಿವೆ. ಎರಡೂ ಒಂದೇ ವೇಗದಲ್ಲಿ ಬೆಳೆಯಬೇಕು. ಅಲ್ನಾದ ಬೆಳವಣಿಗೆ ಬೇಗ ನಿಂತರೆ ರೇಡಿಯಸ್ ಬಿಲ್ಲಿನಂತೆ ಬಾಗಿ ಪಾದ ಹೊರಕ್ಕೆ ತಿರುಗುತ್ತದೆ. ಗಿಡ್ಡಗಾಲಿನ ತಳಿಗಳಲ್ಲಿ ಸ್ವಲ್ಪ ಬಾಗು ಸಹಜ. ಒಂದೇ ಕಾಲು ಬಾಗಿದ್ದರೆ ಅಥವಾ ಮರಿಯ ಕಾಲು ದಿನೇ ದಿನೇ ಹೆಚ್ಚು ತಿರುಗುತ್ತಿದ್ದರೆ ತಡಮಾಡದೆ ಪಶುವೈದ್ಯರ ಬಳಿಗೆ ಹೋಗಿ.

ಪೊಮರೇನಿಯನ್, ಚಿಹುವಾಹುವಾಗಳ ಕಥೆ ಬೇರೆ. ಅವುಗಳ ರೇಡಿಯಸ್ ನೆಟ್ಟಗಿದ್ದರೂ ಬಲು ತೆಳು, ಮಣಿಕಟ್ಟಿನ ಬಳಿ ರಕ್ತ ಪೂರೈಕೆಯೂ ಕಡಿಮೆ. ಸೋಫಾದಿಂದ ಹಾರಿದರೂ ಅಲ್ಲಿ ಮುರಿಯಬಹುದು, ಮುರಿದರೆ ಕೂಡಿಕೊಳ್ಳುವುದು ನಿಧಾನ. ಇಂಥ ನಾಯಿಯನ್ನು ಎತ್ತಿಕೊಳ್ಳಲು ಮಕ್ಕಳಿಗೆ ಕೊಡುವುದಾದರೆ ಅವರನ್ನು ನೆಲದ ಮೇಲೆ ಕೂರಿಸಿಯೇ ಕೊಡಿ.

ಹಿಂಗಾಲನ್ನು ಗಮನಿಸಲು ನಾಯಿಯನ್ನು ನಡೆಸಿದರೆ ಸಾಕು. ಪುಟ್ಟ ತಳಿಗಳಲ್ಲಿ ಮಂಡಿಚಿಪ್ಪು ಕೂರುವ ತೋಡು ಅನೇಕ ವೇಳೆ ಆಳವಿಲ್ಲದೆ ಚಿಪ್ಪು ಒಳಕ್ಕೆ ಜಾರುತ್ತದೆ. ಆಗ ನಾಯಿ ಎರಡು ಹೆಜ್ಜೆ ಕಾಲೆತ್ತಿ ಕುಂಟಿ, ಏನೂ ಆಗದಂತೆ ಮತ್ತೆ ಓಡುತ್ತದೆ.

ಕೊನೆಯದಾಗಿ ವಯಸ್ಸನ್ನು ಲೆಕ್ಕಕ್ಕೆ ತೆಗೆದುಕೊಳ್ಳಿ. ಮೂಳೆಯ ತುದಿಯ ಬೆಳವಣಿಗೆ ಫಲಕಗಳು (ಮೂಳೆ ಉದ್ದಕ್ಕೆ ಬೆಳೆಯುವ ಮೆದು ಭಾಗಗಳು) ಸಣ್ಣ ತಳಿಗಳಲ್ಲಿ ಸುಮಾರು 6ರಿಂದ 9 ತಿಂಗಳಲ್ಲಿ ಮುಚ್ಚಿಕೊಂಡರೆ, ದೈತ್ಯ ತಳಿಗಳಲ್ಲಿ 18 ತಿಂಗಳು ದಾಟುವುದೂ ಉಂಟು. ದೊಡ್ಡ ತಳಿಯ ಮರಿಗೆ ಮೂಳೆ ಗಟ್ಟಿಯಾಗಲೆಂದು ಕ್ಯಾಲ್ಸಿಯಂ ಪುಡಿ ಬೆರೆಸುವ ಅಭ್ಯಾಸವನ್ನು ದಯವಿಟ್ಟು ಬಿಡಿ. ಮರಿಯ ಕರುಳಿಗೆ ಅತಿಯಾದ ಕ್ಯಾಲ್ಸಿಯಂ ಅನ್ನು ತಡೆಯುವ ಶಕ್ತಿ ಇನ್ನೂ ಬಂದಿರುವುದಿಲ್ಲ, ಹೆಚ್ಚಾದದ್ದು ಮೂಳೆ ಮತ್ತು ಕೀಲುಗಳ ಬೆಳವಣಿಗೆಯನ್ನೇ ಕೆಡಿಸುತ್ತದೆ. ದೊಡ್ಡ ತಳಿಯ ಮರಿಗಳಿಗೆಂದೇ ತಯಾರಾದ ಸಮತೋಲಿತ ಆಹಾರ ಕೊಡಿ, ಮೈ ತೆಳ್ಳಗಿರಲಿ, ಫಲಕಗಳು ಮುಚ್ಚುವವರೆಗೆ ಎತ್ತರದಿಂದ ಹಾರಿಸಬೇಡಿ. ಮುಚ್ಚಿವೆಯೇ ಎಂಬುದು ಎಕ್ಸ್‌ರೇಯಲ್ಲಿ ಕಾಣುತ್ತದೆ.